ಪರದೆಯಲ್ಲಿ ಕಂಡದ್ದೇ ಚಿತ್ರದಲ್ಲೂ ಬರಬೇಕಾದರೆ

ಫೋನಿನ ಕ್ಯಾಮೆರಾ ತೆರೆದಾಗ ಪರದೆಯಲ್ಲಿ ಕಾಣುವ ದೃಶ್ಯವೂ ಬಟನ್ ಒತ್ತಿದ ಮೇಲೆ ಉಳಿಯುವ ಚಿತ್ರವೂ ಒಂದೇ ಎಂದು ಬಳಸುವವರು ನಂಬುತ್ತಾರೆ. ಆ ನಂಬಿಕೆ ಉಳಿಸಬೇಕಾದ ಹೊಣೆ ಆಪ್ ಬರೆಯುವವರದು. ಏಕೆಂದರೆ ಒಳಗೆ ಅವು ಒಂದೇ ಸೆನ್ಸರ್‌ನಿಂದ ಹೊರಡುವ ಎರಡು ಬೇರೆ ಹರಿವುಗಳು. ಅಳತೆ, ಫಾರ್ಮ್ಯಾಟ್, ಎಕ್ಸ್‌ಪೋಷರ್ (ಸೆನ್ಸರ್ ಎಷ್ಟು ಬೆಳಕು ಪಡೆಯಬೇಕು ಎಂಬುದು) ಎಲ್ಲವನ್ನೂ ಎರಡಕ್ಕೂ ಬೇರೆ ಬೇರೆಯಾಗಿ ಹೇಳಬೇಕು.

ಎರಡು ಏಕೆ? 4000×3000 ಅಳತೆಯ ಚಿತ್ರದಲ್ಲಿ 1.2 ಕೋಟಿ ಪಿಕ್ಸೆಲ್‌ಗಳಿವೆ. ಸಾಮಾನ್ಯವಾಗಿ ಬಳಸುವ, ಹೊಳಪನ್ನೂ ಬಣ್ಣವನ್ನೂ ಬೇರೆಯಾಗಿಡುವ ವೈಯುವಿ ರೂಪದಲ್ಲಿ ಪಿಕ್ಸೆಲ್‌ಗೆ ಒಂದೂವರೆ ಬೈಟ್ ಎಂದರೂ ಒಂದು ಫ್ರೇಮ್‌ಗೆ 18 ಮೆಗಾಬೈಟ್, ಸೆಕೆಂಡಿಗೆ 30 ಫ್ರೇಮ್ ಆದರೆ 540 ಮೆಗಾಬೈಟ್. 1920×1080 ಅಳತೆಯ ವ್ಯೂಫೈಂಡರ್‌ಗಾದರೆ (ಪರದೆಯಲ್ಲಿ ಕಾಣುವ ದೃಶ್ಯಕ್ಕೆ) ಸೆಕೆಂಡಿಗೆ ಸುಮಾರು 93 ಮೆಗಾಬೈಟ್ ಸಾಕು. ಬ್ಯಾಟರಿಗೂ ಮೆಮೊರಿಗೂ ಈ ವ್ಯತ್ಯಾಸ ದೊಡ್ಡದು.

2014ರಲ್ಲಿ ಆಂಡ್ರಾಯ್ಡ್ 5.0 ಜೊತೆ ಬಂದ ಕ್ಯಾಮೆರಾ2 ಇಂಟರ್‌ಫೇಸ್‌ನಲ್ಲಿ ಮೊದಲ ಕೆಲಸ, ಸಾಧನಕ್ಕೆ ಏನೇನು ಸಾಧ್ಯ ಎಂದು ಕೇಳುವುದು. ಜೆಪೆಗ್‌ಗೆ ಯಾವ ಅಳತೆಗಳು, ವ್ಯೂಫೈಂಡರ್‌ಗೆ ಯಾವುವು ಎಂಬ ಪಟ್ಟಿಗಳು ಪ್ರತ್ಯೇಕವಾಗಿ ಸಿಗುತ್ತವೆ. ಅವುಗಳಿಂದಲೇ ಆರಿಸಬೇಕು. ವ್ಯೂಫೈಂಡರ್ ಅಳತೆ ಹೇಳದೇ ಬಿಟ್ಟರೆ, 1080 ಸಾಲುಗಳೊಳಗಿನ ಹತ್ತಿರದ ಅಳತೆಯನ್ನು ಕ್ಯಾಮೆರಾ ತಾನೇ ಆರಿಸಿಬಿಡುತ್ತದೆ. ದೋಷದ ಸಂದೇಶ ಬರುವುದಿಲ್ಲ, ಮುಖಗಳು ಮಾತ್ರ ಎಳೆದಂತೆ ಕಾಣುತ್ತವೆ.

ಅಳತೆಗಿಂತ ಅನುಪಾತ ಮುಖ್ಯ. ಹೆಚ್ಚಿನ ಫೋನ್ ಸೆನ್ಸರ್‌ಗಳು 4:3. ಅದರಿಂದ 16:9 ವ್ಯೂಫೈಂಡರ್ ತೆಗೆದರೆ 3000 ಸಾಲುಗಳಲ್ಲಿ 2250 ಮಾತ್ರ ಉಳಿಯುತ್ತವೆ, ಅಂದರೆ ಕಾಲು ಭಾಗ ದೃಶ್ಯ ಪರದೆಗೆ ಬರುವುದೇ ಇಲ್ಲ. ಚಿತ್ರ ತೆಗೆದ ಮೇಲೆ ಅಂಚಿನಲ್ಲಿ ಯಾರೋ ನಿಂತಿರುವುದು ಕಾಣುವುದು ಹೀಗೆ. 4000×3000 ಚಿತ್ರಕ್ಕೆ 1440×1080 ವ್ಯೂಫೈಂಡರ್ ಆರಿಸಿ, ಪರದೆಯ ಮೇಲಿನ ಚೌಕಟ್ಟನ್ನೂ ಅದೇ ಅನುಪಾತದಲ್ಲಿಟ್ಟರೆ ಈ ತೊಂದರೆ ತಪ್ಪುತ್ತದೆ.

ಫೋನ್ ನೆಟ್ಟಗೆ ಹಿಡಿದಾಗ ಸೆನ್ಸರ್ ಅಡ್ಡಲಾಗಿರುತ್ತದೆ. ತಿರುವು ಸಾಮಾನ್ಯವಾಗಿ ಹಿಂದಿನ ಕ್ಯಾಮೆರಾದಲ್ಲಿ 90 ಡಿಗ್ರಿ, ಮುಂದಿನದರಲ್ಲಿ 270. ಆದರೂ ಈ ಸಂಖ್ಯೆಗಳನ್ನು ಕೋಡ್‌ನಲ್ಲಿ ಬರೆದಿಡಬಾರದು, ಸಾಧನದಿಂದಲೇ ಓದಬೇಕು. ಫೋನ್ ಈಗ ಎಷ್ಟು ತಿರುಗಿದೆ ಎಂಬುದನ್ನು 90ರ ಗುಣಕಕ್ಕೆ ಸರಿಮಾಡಿ, ಮುಂದಿನ ಕ್ಯಾಮೆರಾಗಾದರೆ ಅದರ ಚಿಹ್ನೆ ಬದಲಿಸಿ, ಸೆನ್ಸರ್ ಕೋನಕ್ಕೆ ಕೂಡಿ, 360ರಿಂದ ಭಾಗಿಸಿದ ಶೇಷವೇ ಜೆಪೆಗ್‌ಗೆ ಕೊಡಬೇಕಾದ ಕೋನ. ಶೇಷ ಋಣ ಬರದಂತೆ ಮೊದಲೇ 360 ಕೂಡಿಕೊಳ್ಳುವುದು ಒಳ್ಳೆಯದು. ಕೆಲವು ಫೋನ್‌ಗಳು ಪಿಕ್ಸೆಲ್‌ಗಳನ್ನೇ ತಿರುಗಿಸುತ್ತವೆ, ಕೆಲವು ಎಕ್ಸಿಫ್‌ನಲ್ಲಿ, ಅಂದರೆ ಚಿತ್ರದ ಕಡತದೊಳಗಿನ ಮಾಹಿತಿಯಲ್ಲಿ, ಕೋನ ಬರೆದು ಸುಮ್ಮನಾಗುತ್ತವೆ. ಎಕ್ಸಿಫ್ ಓದದ ತಂತ್ರಾಂಶದಲ್ಲಿ ಎರಡನೆಯ ಬಗೆಯ ಚಿತ್ರ ಮಲಗಿಕೊಂಡೇ ಕಾಣುತ್ತದೆ.

ಅತಿ ಹೆಚ್ಚು ಎಡವುವುದು ಎಕ್ಸ್‌ಪೋಷರ್‌ನಲ್ಲಿ. ವ್ಯೂಫೈಂಡರ್‌ಗೆ ಮತ್ತೆ ಮತ್ತೆ ಹೋಗುವ ಕೋರಿಕೆಯೊಂದು, ಚಿತ್ರ ತೆಗೆಯಲು ಹೋಗುವ ಕೋರಿಕೆ ಇನ್ನೊಂದು. ಸ್ಲೈಡರ್ ಎಳೆದಾಗ ಮೊದಲನೆಯದಕ್ಕೆ ಮಾತ್ರ ಬೆಲೆ ಬರೆದರೆ ಪರದೆ ಬೆಳಗುತ್ತದೆ, ಉಳಿಯುವ ಚಿತ್ರ ಮಂಕಾಗಿಯೇ ಇರುತ್ತದೆ. ಎಲ್ಲ ಬೆಲೆಗಳನ್ನೂ ಒಂದು ಕಡೆ ಇಟ್ಟು, ಎರಡು ಕೋರಿಕೆಗಳಿಗೂ ಒಂದೇ ಫಂಕ್ಷನ್ ಮೂಲಕ ತುಂಬುವುದೇ ಸರಿಯಾದ ದಾರಿ. ಸ್ಲೈಡರ್‌ನಿಂದ ಕೊಡುವುದು ಸ್ಟಾಪ್ (ಬೆಳಕನ್ನು ಇಮ್ಮಡಿ ಅಥವಾ ಅರ್ಧ ಮಾಡುವ ಅಳತೆ) ಅಲ್ಲ, ಹೆಜ್ಜೆಗಳ ಎಣಿಕೆ: ಸಾಧನದ ಹೆಜ್ಜೆ 1/3 ಆಗಿದ್ದರೆ 3 ಎಂದರೆ ಒಂದು ಸ್ಟಾಪ್. ಶಟರ್ ವೇಗವನ್ನು ನಾವೇ ನಿರ್ಧರಿಸುವುದಾದರೆ, ಸಾಧನ ಅದಕ್ಕೆ ಬೆಂಬಲ ಕೊಡುತ್ತದೆಯೇ ನೋಡಿ, ಸ್ವಯಂಚಾಲಿತ ಎಕ್ಸ್‌ಪೋಷರ್ ನಿಲ್ಲಿಸಿ, ಸಮಯವನ್ನು ನ್ಯಾನೋಸೆಕೆಂಡಿನಲ್ಲಿ ಕೊಡಬೇಕು. 1/100 ಸೆಕೆಂಡ್ ಎಂದರೆ ಒಂದು ಕೋಟಿ. ಸ್ವಯಂಚಾಲನೆ ನಿಲ್ಲಿಸದಿದ್ದರೆ ಈ ಸಂಖ್ಯೆಗೆ ಬೆಲೆಯೇ ಇಲ್ಲ.

ಫ್ರೇಮ್ ವೇಗವೂ ಬೆಳಕಿಗೆ ಅಂಟಿಕೊಂಡಿದೆ. ಸೆಕೆಂಡಿಗೆ ಕನಿಷ್ಠ 30, ಗರಿಷ್ಠ 30 ಫ್ರೇಮ್ (30–30) ಎಂದು ಬಿಗಿಮಾಡಿದರೆ ಒಂದು ಫ್ರೇಮ್‌ಗೆ ಸುಮಾರು 33 ಮಿಲಿಸೆಕೆಂಡ್ ಮೀರಿ ಬೆಳಕು ಸಿಗದು. 15–30 ಎಂದರೆ ಮಂದ ಬೆಳಕಿನಲ್ಲಿ 66ರವರೆಗೆ ಹೋಗಬಹುದು, ಚಲನೆ ಮಾತ್ರ ತುಸು ತಡವರಿಸುತ್ತದೆ. ಸ್ಥಿರಚಿತ್ರದ ಆಪ್‌ಗೆ ಎರಡನೆಯದೇ ಮೇಲು. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಅಲ್ಲಿ ಎಕ್ಸ್‌ಪೋಷರ್ 1/100ರ ಗುಣಕವಾಗಿರಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಪಟ್ಟೆಗಳು ಹರಿಯುತ್ತವೆ. 60 ಹರ್ಟ್ಸ್ ಇರುವಲ್ಲಿ 1/120.

ಕೋರಿಕೆ ಕಳಿಸಿದ ಕ್ಷಣವೇ ಅದು ಜಾರಿಯಾಗುವುದಿಲ್ಲ, ಕೆಲವು ಫ್ರೇಮ್‌ಗಳು ದಾಟಬೇಕು. ಪ್ರತಿ ಫ್ರೇಮ್ ಜೊತೆ ನಿಜಕ್ಕೂ ಬಳಕೆಯಾದ ಬೆಲೆಗಳ ವರದಿ ಬರುತ್ತದೆ. ಅದನ್ನು ಓದಿ, ಎಕ್ಸ್‌ಪೋಷರ್ ನೆಲೆಗೊಂಡ ಮೇಲೆಯೇ ಚಿತ್ರ ತೆಗೆಯಬೇಕು.

ಫ್ರೇಮ್‌ಗಳನ್ನು ನಾವೇ ವಿಶ್ಲೇಷಿಸುವಾಗ ಇನ್ನೆರಡು ಎಚ್ಚರಿಕೆ ಬೇಕು. ಫ್ರೇಮ್‌ಗಳನ್ನು ಆಪ್‌ಗೆ ತಲುಪಿಸುವ ಇಮೇಜ್ ರೀಡರ್‌ನಿಂದ ಪಡೆದ ಪ್ರತಿ ಫ್ರೇಮನ್ನೂ ಕೆಲಸ ಮುಗಿದೊಡನೆ ಮುಚ್ಚಬೇಕು. ಫ್ರೇಮ್ ಇಡಲು ಬಿಡುವಿನ ಬಫರ್‌ಗಳು (ಮೆಮೊರಿಯ ಜಾಗಗಳು) ಉಳಿಯದಿದ್ದರೆ ವ್ಯೂಫೈಂಡರ್ ಕೂಡ ಸ್ತಬ್ಧವಾಗುತ್ತದೆ. ಮತ್ತೆ, ಮೆಮೊರಿಯಲ್ಲಿ ಒಂದು ಸಾಲಿನ ಉದ್ದ ಚಿತ್ರದ ಅಗಲಕ್ಕಿಂತ ಹೆಚ್ಚಿರಬಹುದು: ಪಿಕ್ಸೆಲ್‌ಗೆ ಒಂದು ಬೈಟ್ ಹಿಡಿಯುವ ಹೊಳಪಿನ ಭಾಗದಲ್ಲಿ 1080 ಪಿಕ್ಸೆಲ್ ಸಾಲಿಗೆ 1088 ಬೈಟ್ ಇರುವುದುಂಟು. ಅಗಲವನ್ನೇ ನಂಬಿ ಓದಿದರೆ ಪ್ರತಿ ಸಾಲೂ 8 ಬೈಟ್ ಜಾರಿ ಇಡೀ ಚಿತ್ರ ಓರೆಯಾಗುತ್ತದೆ. ಒಂದು ಫೋನಿನಲ್ಲಿ ಸರಿ ಬಂದು ಇನ್ನೊಂದರಲ್ಲಿ ಚಿತ್ರ ಓರೆಯಾದರೆ ಮೊದಲು ನೋಡಬೇಕಾದದ್ದು ಈ ಸಾಲಿನ ಉದ್ದವನ್ನೇ.