ಕ್ರೇನ್ ಕರೆಸುವ ಮುಂಚೆ ಟ್ಯಾಂಕಿನ ಬಾಯಿ ಮುಚ್ಚಿ

ಮುಳುಗಿದ ಬೋಟಿನ ಹತ್ತಿರ ಹೋದಾಗ ನಾನು ಮೊದಲು ಕೇಳುವುದು, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು ಎಂದು. ಮಂಗಳೂರಿನ ದಕ್ಕೆಯಾಗಲಿ (ಬೋಟುಗಳನ್ನು ಕಟ್ಟುವ ಕಟ್ಟೆ), ಮಲ್ಪೆಯಾಗಲಿ, ಗಂಗೊಳ್ಳಿಯಾಗಲಿ, ಉತ್ತರ ಒಂದೇ. ನೆರೆದವರು ನೀರಿನ ಮೇಲೆ ಮಿರುಗುವ ಬಣ್ಣದತ್ತ ಕೈ ತೋರಿಸಿ, “ಎಲ್ಲ ಹೋಯಿತು ಮಾರಾಯರೇ, ಇನ್ನು ಅದರೊಳಗೆ ಏನುಂಟು?” ಎನ್ನುತ್ತಾರೆ. ಅಷ್ಟು ಹೊತ್ತಿಗೆ ಕ್ರೇನ್ ಬಂದು ನಿಂತಿರುತ್ತದೆ. ಅದಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಮಾಲೀಕನಿಗೆ ಬ್ಯಾಂಕಿನ ಕಂತಿನ ಚಿಂತೆ, ಅಕ್ಕಪಕ್ಕದ ಬೋಟಿನವರಿಗೆ ತಮ್ಮ ಹಗ್ಗಗಳ ಚಿಂತೆ. “ಎಳೆಯಿರಿ” ಎಂಬ ಕೂಗು ಏಳುತ್ತದೆ. ಎಳೆದ ಹತ್ತು ನಿಮಿಷದೊಳಗೆ, ಹೋಗಿಯೇ ಬಿಟ್ಟಿದೆ ಎಂದುಕೊಂಡಿದ್ದ ಡೀಸೆಲ್ ನಿಜವಾಗಿಯೂ ಹೋಗತೊಡಗುತ್ತದೆ.

ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ. ಬೋಟ್ ಏಕೆ ಮುಳುಗುತ್ತದೆ, ಡೀಸೆಲ್ ಮೀನಿಗೆ ಏಕೆ ಕೆಟ್ಟದ್ದು ಎಂಬುದನ್ನೆಲ್ಲ ಕರಾವಳಿಯ ಓದುಗರಿಗೆ ವಿವರಿಸುವುದಿಲ್ಲ. ಒಂದೇ ಮಾತು ಹೇಳಬೇಕಾಗಿದೆ: ನೀರಿನ ಮೇಲೆ ಕಾಣುವ ಬಣ್ಣ ನೋಡಿ ಟ್ಯಾಂಕ್ ಖಾಲಿಯಾಯಿತೆಂದು ತೀರ್ಮಾನಿಸಬೇಡಿ.

ಲೆಕ್ಕ ಸರಳವಾಗಿದೆ. ನೀರಿನ ಮೇಲೆ ಬೆಳ್ಳಿಯ ಹೊಳಪಿನಲ್ಲಿ ಕಾಣುವ ತೀರಾ ತೆಳುವಾದ ಎಣ್ಣೆಯ ಪದರ 0.04 ಮೈಕ್ರಾನ್‌ನಷ್ಟು ಮಾತ್ರ ದಪ್ಪವಿರಬಹುದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕಾಮನಬಿಲ್ಲಿನ ಬಣ್ಣಗಳು ಕಾಣಿಸಿಕೊಳ್ಳುವುದು 0.3 ಮೈಕ್ರಾನ್‌ನಿಂದ 5 ಮೈಕ್ರಾನ್‌ವರೆಗಿನ ದಪ್ಪದಲ್ಲಿ. ಯುರೋಪಿನ ಬಾನ್ ಒಪ್ಪಂದದ ದೇಶಗಳು ವಿಮಾನದಿಂದ ನೋಡಿ ಎಣ್ಣೆಯ ಪ್ರಮಾಣ ಅಂದಾಜಿಸಲು ಮಾಡಿಕೊಂಡ ಪಟ್ಟಿ ಇದು; ಎಣ್ಣೆ ಸೋರಿಕೆ ತಡೆಯುವ ನಮ್ಮ ವೃತ್ತಿಯಲ್ಲಿ ಇದನ್ನೇ ಬಳಸುತ್ತೇವೆ. ಈಗ ಒಂದು ಲೀಟರ್ ಡೀಸೆಲನ್ನು ಈ ದಪ್ಪದಲ್ಲಿ ಹರಡಿ ನೋಡಿ. 0.3 ಮೈಕ್ರಾನ್ ದಪ್ಪದಲ್ಲಿ ಅದು ಸುಮಾರು 3,300 ಚದರ ಮೀಟರ್, ಅಂದರೆ ನಮ್ಮೂರಿನ ಲೆಕ್ಕದಲ್ಲಿ ಎಂಬತ್ತು ಸೆಂಟ್ಸ್ ಜಾಗ ಮುಚ್ಚುತ್ತದೆ. ತೀರಾ ತೆಳುವಾದ ಬೆಳ್ಳಿ ಹೊಳಪಾದರೆ ಆರು ಎಕರೆ. ಒಂದು ಲೀಟರ್! ದಕ್ಕೆಯ ಈ ತುದಿಯಿಂದ ಆ ತುದಿಗೆ ಬಣ್ಣ ಕಂಡರೂ ಹೊರಬಂದಿರುವುದು ಒಂದೆರಡು ಕ್ಯಾನ್ ಡೀಸೆಲ್ ಅಷ್ಟೇ ಆಗಿರಬಹುದು. ಹತ್ತು ದಿನದ ಮೀನುಗಾರಿಕೆಗೆ ಸಿದ್ಧವಾದ ಆಳಸಮುದ್ರದ ಬೋಟಿನಲ್ಲಿ ಇರುವುದು ಸಾವಿರಾರು ಲೀಟರ್. ಉಳಿದದ್ದು ಎಲ್ಲಿದೆ ಎಂದು ಕೇಳಿದರೆ, ಕ್ರೇನಿನ ಕೊಕ್ಕೆ ಇಳಿಯುತ್ತಿರುವ ಜಾಗದಲ್ಲಿಯೇ ಇದೆ.

ಕಪ್ಪಗೆ ಅಥವಾ ಕಂದಾಗಿ, ಎಣ್ಣೆಯ ಸ್ವಂತ ಬಣ್ಣದಲ್ಲಿಯೇ ದಪ್ಪಗೆ ತೇಲುತ್ತಿದ್ದರೆ ಮಾತು ಬೇರೆ. ಆಗ ನಿಜವಾಗಿಯೂ ಬಹಳ ಹೊರಬಂದಿದೆ. ಆದರೆ ಜನ ಗಾಬರಿಯಾಗುವುದು ಬಣ್ಣಬಣ್ಣದ ಪದರ ಕಂಡಾಗ, ಫೋಟೋ ತೆಗೆಯುವುದೂ ಅದನ್ನೇ.

ಟ್ಯಾಂಕಿನಲ್ಲಿ ಡೀಸೆಲ್ ಏಕೆ ಉಳಿಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಡೀಸೆಲ್ ನೀರಿಗಿಂತ ಹಗುರ. ಮುಳುಗಿದ ಟ್ಯಾಂಕಿನಲ್ಲಿ ಅದು ಮೇಲ್ಭಾಗಕ್ಕೆ ಏರಿ ಕೂರುತ್ತದೆ. ಅದು ಹೊರಬರಬೇಕಾದರೆ ಅದರ ಜಾಗಕ್ಕೆ ನೀರು ಒಳಬರಬೇಕು. ಇರುವುದು ಒಂದೇ ಸಣ್ಣ ಏರ್ ಪೈಪ್ ಆದರೆ ನೀರೂ ಡೀಸೆಲೂ ಅದೇ ಕಿರಿದಾದ ದಾರಿಯಲ್ಲಿ ಒಂದನ್ನೊಂದು ದಾಟಬೇಕು. ಸಣ್ಣ ಬಾಯಿಯ ತೆಂಗಿನೆಣ್ಣೆ ಬಾಟಲಿಯನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿ ನೋಡಿದವರಿಗೆ ಇದು ಗೊತ್ತು: ಗುಳುಕ್ ಗುಳುಕ್ ಎಂದು ತೊಟ್ಟು ತೊಟ್ಟಾಗಿ ಬರುತ್ತದೆ, ಗಂಟೆಗಟ್ಟಲೆ ಬರುತ್ತದೆ. ಎರಡು ತೂತುಗಳಿದ್ದು ಒಂದು ಕೆಳಗೆ ಇನ್ನೊಂದು ಮೇಲೆ ಇದ್ದರೆ, ಉದಾಹರಣೆಗೆ ಡೀಸೆಲ್ ತುಂಬಿಸುವ ಬಾಯಿಯ ಮುಚ್ಚಳ ಕಳಚಿಹೋಗಿದ್ದರೆ, ಕೆಳಗಿನಿಂದ ನೀರು ನುಗ್ಗುತ್ತದೆ, ಮೇಲಿನಿಂದ ಡೀಸೆಲ್ ಸರಾಗವಾಗಿ ಹೋಗುತ್ತದೆ. ಹಾಗಾಗಿಯೇ ಎರಡರಲ್ಲಿ ಒಂದನ್ನು ಮುಚ್ಚಿದರೂ ಸೋರಿಕೆ ಅರ್ಧಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ.

ಕ್ರೇನ್ ಎಳೆದಾಗ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮಗ್ಗುಲಾಗಿ ಮಲಗಿದ್ದ ಬೋಟ್ ತಿರುಗುತ್ತದೆ. ಇಷ್ಟು ಹೊತ್ತು ಕೆಳಗಿದ್ದ ಪೈಪಿನ ಬಾಯಿ ಮೇಲಾಗುತ್ತದೆ, ಅದರ ಹತ್ತಿರವೇ ಡೀಸೆಲ್ ಬಂದು ನಿಲ್ಲುತ್ತದೆ. ಟ್ಯಾಂಕಿನೊಳಗೆ ಸಿಕ್ಕಿಕೊಂಡ ಗಾಳಿಯೂ ಸುಮ್ಮನಿರುವುದಿಲ್ಲ. ನಾಲ್ಕು ಮೀಟರ್ ಆಳದಿಂದ ಮೇಲಕ್ಕೆ ಬರುವಷ್ಟರಲ್ಲಿ ಒತ್ತಡ ಇಳಿದು ಅದು ಸುಮಾರು 1.4 ಪಟ್ಟು ಹಿಗ್ಗುತ್ತದೆ, ತನ್ನ ಮುಂದಿರುವ ಡೀಸೆಲನ್ನು ಹೊರಕ್ಕೆ ತಳ್ಳುತ್ತದೆ. ಇದರ ಮೇಲೆ ವಯರ್ ರೋಪ್ ಟ್ಯಾಂಕಿನ ಮೇಲೆಯೇ ಬಿಗಿದು ತಗಡು ಹರಿದರೆ ಕೇಳುವುದೇ ಬೇಡ.

ಹಾಗಾದರೆ ಏನು ಮಾಡಬೇಕು? ಒಳಗೆ ಯಾರೂ ಸಿಕ್ಕಿಕೊಂಡಿಲ್ಲ ಎಂಬುದು ಖಚಿತವಾದ ಮೇಲೆ, ತರಬೇತಿಯಿರುವ ಮುಳುಗುತಜ್ಞರನ್ನು ಇಳಿಸಿ. ತುಂಬಿಸುವ ಬಾಯಿ, ಏರ್ ಪೈಪ್, ಅಳತೆಕೋಲು ಇಳಿಸುವ ಪೈಪ್, ಎಂಜಿನ್ನಿಗೆ ಹೋಗುವ ಲೈನ್, ಎಂಜಿನ್ನಿನಿಂದ ಹಿಂದಿರುಗುವ ಲೈನ್ ಎಲ್ಲವನ್ನೂ ಮುಚ್ಚಿಸಿ. ಬಟ್ಟೆ ಸುತ್ತಿದ ಮರದ ಬೆಣೆ ಸಾಕು; ನೀರಿನಲ್ಲಿ ಗಟ್ಟಿಯಾಗುವ ಎಪಾಕ್ಸಿ ಇದ್ದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ ನೀರಿನಡಿಯಲ್ಲಿಯೇ ಪೈಪ್ ಜೋಡಿಸಿ ಡೀಸೆಲನ್ನು ಪಂಪ್ ಮಾಡಿ ತೆಗೆಯಿರಿ. ಅನಂತರ ಕ್ರೇನ್. ಎಲ್ಲ ಕಡೆಗೂ ಇದೇ ಕ್ರಮ ಹೊಂದುತ್ತದೆಂದು ನಾನು ಹೇಳುವುದಿಲ್ಲ. ಬಲೆ ಸುತ್ತಿಕೊಂಡ ಬೋಟಿನ ಎಂಜಿನ್ ಕೋಣೆಗೆ ಮನುಷ್ಯನನ್ನು ಇಳಿಸುವುದಕ್ಕಿಂತ ಡೀಸೆಲ್ ಹೋದರೆ ಹೋಗಲಿ ಎನ್ನಬೇಕಾದ ಸಂದರ್ಭವೂ ಇರುತ್ತದೆ. ಆ ತೀರ್ಮಾನ ಸ್ಥಳದಲ್ಲಿರುವ ಅನುಭವಿಯದ್ದು, ದಡದಲ್ಲಿ ನಿಂತು ಕೂಗುವವರದ್ದಲ್ಲ.

ಗಂಗೊಳ್ಳಿಯ ಕಡೆಯ ಒಬ್ಬ ತಾಂಡೇಲರು (ಬೋಟ್ ನಡೆಸುವವರು) ನನಗೆ ಬಹಳ ಇಷ್ಟ. ಅವರ ಬೋಟಿನಲ್ಲಿ ಡೀಸೆಲಿಗೆ ಸಂಬಂಧಿಸಿದ ಪ್ರತಿಯೊಂದು ಪೈಪಿನ ಬಾಯಿಗೂ ಕೆಂಪು ಬಣ್ಣ ಬಳಿದಿದೆ. ಪಕ್ಕದಲ್ಲಿಯೇ ಆ ಅಳತೆಗೆ ಕೆತ್ತಿದ ಬೆಣೆಯೊಂದು ನೈಲಾನ್ ದಾರದಲ್ಲಿ ನೇತಾಡುತ್ತದೆ. ಅಳಿವೆಯಲ್ಲಿ ಮರಳುದಿಣ್ಣೆಗೆ ತಾಗಿ ಬೋಟ್ ಮಗುಚಿದಾಗ ಇಳಿದ ಹುಡುಗನಿಗೆ ಹುಡುಕುವ ಕೆಲಸವೇ ಇರಲಿಲ್ಲ. ಕದಡಿದ ಮಳೆಗಾಲದ ನೀರಿನಲ್ಲಿ ಕಣ್ಣು ಕಾಣದಿದ್ದರೂ ದಾರ ಹಿಡಿದು ಬೆಣೆ ಬಡಿದು ಬಂದ. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರೆ, “ಹೇಳಿಕೊಡಲಿಕ್ಕೆ ಏನುಂಟು, ಡೀಸೆಲಿನ ರೇಟ್ ನೋಡಿಲ್ಲವೇ ನೀವು?” ಎಂದರು.

ದೊಡ್ಡ ಹಡಗುಗಳಲ್ಲಿಯೂ ಕ್ರಮ ಇದೇ. 2025ರ ಮೇ 25ರಂದು ಕೊಚ್ಚಿಯ ಹೊರಗೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ ಅದರಲ್ಲಿ ಸುಮಾರು 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಹಡಗನ್ನು ಎತ್ತುವ ಮಾತಿಗೂ ಮುಂಚೆ ಮುಳುಗುತಜ್ಞರು ಮಾಡಿದ್ದು ಎಣ್ಣೆ ಜಿನುಗುತ್ತಿದ್ದ ಸೌಂಡಿಂಗ್ ಪೈಪುಗಳನ್ನು, ಅಂದರೆ ಟ್ಯಾಂಕಿಗೆ ಅಳತೆಕೋಲು ಇಳಿಸುವ ಪೈಪುಗಳನ್ನು, ಮುಚ್ಚುವ ಕೆಲಸ. ಆಮೇಲೆ ಹೊರಮೈಗೆ ವಾಲ್ವ್ ಕೂರಿಸಿ, ಅದರ ಮೂಲಕವೇ ತೂತು ಕೊರೆದು, ಒಳಗಿನ ಎಣ್ಣೆಯನ್ನು ಪಂಪ್ ಮಾಡುವ ವಿಧಾನವಿದೆ. ಫರ್ನೇಸ್ ಆಯಿಲ್ ಗಟ್ಟಿಯಾಗಿರುವುದರಿಂದ ಅದನ್ನು ಬಿಸಿ ಮಾಡಿ ಸಡಿಲಿಸಬೇಕಾಗುತ್ತದೆ. ನಮ್ಮ ಉಳ್ಳಾಲದ ಹೊರಗೆ 2022ರ ಜೂನ್‌ನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗು ಕುಸಿದಾಗ ಹದಿನೈದು ಸಿರಿಯನ್ ನಾವಿಕರನ್ನು ಕೋಸ್ಟ್ ಗಾರ್ಡ್ ರಕ್ಷಿಸಿತು, ಮಾಲಿನ್ಯ ನಿಯಂತ್ರಣ ಹಡಗು ‘ಸಮುದ್ರ ಪಾವಕ್’ ಇಲ್ಲಿಗೆ ಬಂತು. ಆಗ ಬಟ್ಟಪಾಡಿಯ ಕಡಲತಡಿಯಲ್ಲಿ ದಿನವೂ ನೆರೆಯುತ್ತಿದ್ದವರ ಪ್ರಶ್ನೆ, ಎಣ್ಣೆ ಬಂತೇ ಎಂಬುದು. ಬಾರದಿದ್ದಾಗ ಕೆಲವರು ಮನೆಗೆ ಹೋದರು, ಎಣ್ಣೆಯೇ ಇಲ್ಲ ಎಂದು ಹೇಳುತ್ತಾ. ಸುಮಾರು 220 ಟನ್ ಇಂಧನ ಹಡಗಿನ ಹೊಟ್ಟೆಯಲ್ಲಿತ್ತು.

ಹೊಳೆಗೆ ಬಿದ್ದ ವಾಹನಗಳ ವಿಷಯದಲ್ಲಿಯೂ ಹೀಗೆಯೇ. ಈಚಿನ ಕಾರುಗಳ ಟ್ಯಾಂಕ್ ಚೆನ್ನಾಗಿ ಮುಚ್ಚಿಕೊಂಡಿರುತ್ತದೆ. ಮಗುಚಿದರೆ ಗಾಳಿದಾರಿಯನ್ನು ತಾನೇ ಮುಚ್ಚುವ ವಾಲ್ವ್ ಇರುತ್ತದೆ. ಬೀಳುವಾಗ ಒಡೆಯದ ಟ್ಯಾಂಕ್ ಎಳೆಯುವಾಗ ಒಡೆಯುತ್ತದೆ, ಏಕೆಂದರೆ ಅದು ಹಿಂದಿನ ಸೀಟಿನ ಕೆಳಗೆ, ನೆಲಕ್ಕೆ ಮುಖಮಾಡಿ ಇದೆ. ಜೆಸಿಬಿಯವರು ದಡದ ಕಗ್ಗಲ್ಲುಗಳ ಮೇಲೆ ಅದನ್ನು ಉಜ್ಜಿಕೊಂಡೇ ತರುತ್ತಾರೆ. ಲಾರಿಯದ್ದು ಇನ್ನೂ ಕಷ್ಟ. ನೂರಾರು ಲೀಟರಿನ ಟ್ಯಾಂಕ್ ಚಾಸಿಸ್ಸಿನ ಬದಿಯಲ್ಲಿ ನೇತಾಡುತ್ತಿರುತ್ತದೆ, ಹಗ್ಗ ಕಟ್ಟಲು ಅದೇ ಕೈಗೆ ಸಿಗುವ ಜಾಗ. ದಯವಿಟ್ಟು ಅಲ್ಲಿ ಕಟ್ಟಬೇಡಿ.

ಶಿರಾಡಿ ಘಾಟಿಯಿಂದ ಬಂಟ್ವಾಳದವರೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಟ್ಯಾಂಕರುಗಳ ಸಾಲು ಎಷ್ಟಿದೆ ಎಂಬುದು ಓಡಾಡುವವರಿಗೆ ಗೊತ್ತು. ಘಾಟಿಯ ಹಳ್ಳಗಳು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ, ತುಂಬೆಯ ಅಣೆಕಟ್ಟೆಗೆ ಬರುತ್ತವೆ. ಮಂಗಳೂರು ಕುಡಿಯುವುದು ಆ ನೀರನ್ನೇ. ಉಡುಪಿಗೆ ಸ್ವರ್ಣೆಯ ಬಜೆ ಅಣೆಕಟ್ಟೆ ಹೇಗೋ ಹಾಗೆ. ಇವುಗಳ ಮೇಲ್ಭಾಗದಲ್ಲಿ ಏನಾದರೂ ಹೊಳೆಗೆ ಬಿದ್ದರೆ 112ಕ್ಕೆ ಫೋನ್ ಮಾಡಿದ ಕೂಡಲೇ ನೀರು ಸರಬರಾಜಿನವರಿಗೂ ತಿಳಿಸಿ, ಪಂಪ್ ನಿಲ್ಲಿಸುವುದೋ ಬೇಡವೋ ಎಂಬುದನ್ನು ಅವರು ನೋಡಿಕೊಳ್ಳಲಿ. ಕಡಲಿನಲ್ಲಿ ಮತ್ತು ಅಳಿವೆಯ ಹೊರಗೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093. ಹೊಳೆಯ ಬಾಯಿಯಲ್ಲಿ ಘಟನೆಯಾದರೆ ಯಾರ ಸರಹದ್ದು ಎಂಬ ಚರ್ಚೆ ಹೇಗೂ ನಡೆಯುತ್ತದೆ. ಅದು ಮುಗಿಯುವವರೆಗೆ ಕಾಯಬೇಡಿ, ಎಲ್ಲರಿಗೂ ಫೋನ್ ಮಾಡಿ.

ಒಂದು ಎಚ್ಚರಿಕೆ. ಮೇಲೆ ಹೇಳಿದ್ದೆಲ್ಲ ಡೀಸೆಲ್ ಮತ್ತು ಅದಕ್ಕಿಂತ ಗಟ್ಟಿ ಎಣ್ಣೆಗಳಿಗೆ. ಪೆಟ್ರೋಲ್ ಚೆಲ್ಲಿದ್ದರೆ ಅದನ್ನು ಒಂದು ಕಡೆ ಕೂಡಿಹಾಕಲು ಹೋಗಲೇಬೇಡಿ. ಅದು ಬೇಗ ಆವಿಯಾಗುತ್ತದೆ. ಕೂಡಿಹಾಕಿದರೆ ಆ ಆವಿಯೂ ಕೂಡಿಕೊಂಡು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಜನರನ್ನು ದೂರ ಕಳುಹಿಸಿ, ಅಗ್ನಿಶಾಮಕದವರಿಗೆ ಬಿಡಿ.

ಸೋಪಿನ ಪುಡಿಯ ಬಗ್ಗೆ ಬರೆಯಬಾರದೆಂದುಕೊಂಡಿದ್ದೆ, ಆದರೆ ಪ್ರತಿ ಸಲವೂ ಯಾರಾದರೊಬ್ಬರು ಮೂಟೆ ಹೊತ್ತುಕೊಂಡು ಬರುತ್ತಾರೆ. ಸೋಪು ಹಾಕಿದರೆ ಬಣ್ಣ ಮಾಯವಾಗುತ್ತದೆ, ನಿಜ. ಡೀಸೆಲ್ ಮಾತ್ರ ಸಣ್ಣ ಹನಿಗಳಾಗಿ ಒಡೆದು ನೀರಿನೊಳಕ್ಕೆ ಇಳಿಯುತ್ತದೆ, ಮೀನು, ಮರುವಾಯಿ ಚಿಪ್ಪುಗಳು ಇರುವಲ್ಲಿಗೇ. ಅಷ್ಟೇ ಅಲ್ಲ, ಎಣ್ಣೆ ಹೀರುವ ಪ್ಯಾಡುಗಳೂ ಆಮೇಲೆ ಅದನ್ನು ಹಿಡಿಯಲಾರವು. ಎಣ್ಣೆ ಒಡೆಯುವ ರಾಸಾಯನಿಕಗಳನ್ನು ಬಳಸಲು ಕೋಸ್ಟ್ ಗಾರ್ಡ್‌ನ ನಿಯಮಗಳಿವೆ. ದಕ್ಕೆಯ ಆಳವಿಲ್ಲದ ನೀರು ಅದಕ್ಕೆ ಜಾಗವಲ್ಲ. ಎಣ್ಣೆ ಹರಡದಂತೆ ತಡೆಯುವ ತೇಲುವ ಬೂಮ್ ಹಾಕುವವರಿಗೂ ಒಂದು ಮಾತು: ಮಳೆಗಾಲದ ಗುರುಪುರ ಹೊಳೆಗೆ ಅಡ್ಡಲಾಗಿ, ನೇರವಾಗಿ ಕಟ್ಟಿದರೆ ಪ್ರಯೋಜನವಿಲ್ಲ. ಬೂಮಿಗೆ ಎದುರಾಗುವ ಸೆಳೆತ ಸುಮಾರು ಮುಕ್ಕಾಲು ನಾಟ್ (ಗಂಟೆಗೆ 1.4 ಕಿ.ಮೀ.) ದಾಟಿದರೆ ಎಣ್ಣೆ ಅದರ ಅಡಿಯಿಂದ ನುಸುಳುತ್ತದೆ. ಓರೆಯಾಗಿ ಕಟ್ಟಿ, ಎಣ್ಣೆಯನ್ನು ಸೆಳೆತವಿಲ್ಲದ ಮೂಲೆಗೆ ತಿರುಗಿಸಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಬೋಟುಗಳು ಒಂದಕ್ಕೊಂದು ಹೊಂದಿಕೊಂಡು ದಕ್ಕೆಯಲ್ಲಿ ನಿಂತಿರುವ ಆ ಎರಡು ತಿಂಗಳಲ್ಲಿಯೇ ನನಗೆ ಕೆಲಸ ಹೆಚ್ಚು. ಮೇಲೆ ಯಾರೂ ಇರುವುದಿಲ್ಲ, ಮಳೆನೀರು ತುಂಬುತ್ತದೆ, ಪಂಪ್ ಓಡಿಸುವವರಿಲ್ಲ; ಒಂದು ಮುಳುಗಿ ಕುಳಿತರೆ ಹಗ್ಗದಲ್ಲಿ ಪಕ್ಕದ್ದನ್ನೂ ಎಳೆಯುತ್ತದೆ. ಬೋಟ್ ಕಟ್ಟಿ ಮನೆಗೆ ಹೋಗುವ ಮುಂಚೆ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ, ವಾಲ್ವ್‌ಗಳನ್ನು ತಿರುಗಿಸಿ ಮುಚ್ಚಿ. ವಿಮೆಯವರೂ ಅದನ್ನೇ ಕೇಳುತ್ತಾರೆ.

ಬೋಟನ್ನು ಎತ್ತಿ ದಡಕ್ಕೆ ತಂದ ಮೇಲಿನ ಕಥೆ ಇನ್ನೊಂದಿದೆ. ಬೆಣೆ ಬಡಿದು, ಒಂದು ತೊಟ್ಟೂ ಚೆಲ್ಲದಂತೆ ಎತ್ತಿದ್ದ ಬೋಟೊಂದರ ಟ್ಯಾಂಕನ್ನು ಖಾಲಿ ಮಾಡಲು ಮೆಕ್ಯಾನಿಕ್ ಬಂದ. ಅಡಿಯ ಕಾಕ್ ತಿರುಗಿಸಿದ. ನೀರು ಬಂತು. ಬಕೆಟ್ ತುಂಬಿದರೂ ನೀರೇ. “ನಾನು ಹೇಳಲಿಲ್ಲವೇ, ಡೀಸೆಲ್ ಎಲ್ಲ ಹೋಗಿದೆ, ಇದು ಬರೀ ನೀರು,” ಎಂದು ಕಾಕ್ ತೆರೆದೇ ಬಿಟ್ಟು ಚಹಾ ಕುಡಿಯಲು ಹೋದ. ಟ್ಯಾಂಕಿನಲ್ಲಿ ನೀರು ಕೆಳಗೆ, ಡೀಸೆಲ್ ಮೇಲೆ. ಮೊದಲು ಬರುವುದು ನೀರೇ. ಅವನು ಚಹಾ ಮುಗಿಸಿ ಬರುವಷ್ಟರಲ್ಲಿ ಚರಂಡಿಯ ದಾರಿಯಾಗಿ ಡೀಸೆಲ್ ಹೊಳೆಗೆ ಇಳಿಯುತ್ತಿತ್ತು. ಕಾಕ್‌ಗೆ ಹೋಸ್ ಜೋಡಿಸಿ ಬ್ಯಾರೆಲ್‌ಗೆ ಬಿಡಿ, ಮೇಲಿನ ಬೆಣೆಯನ್ನು ನಿಧಾನವಾಗಿ ಸಡಿಲಿಸಿ ಗಾಳಿ ಕೊಡಿ, ಹತ್ತಿರ ಬೀಡಿ ಹಚ್ಚಲು ಬಿಡಬೇಡಿ, ಕೊನೆಯ ಹನಿ ಬರುವವರೆಗೆ ಒಬ್ಬರು ಅಲ್ಲಿಯೇ ಕುಳಿತಿರಿ. ಚಹಾವನ್ನು ಅಲ್ಲಿಗೇ ತರಿಸಿಕೊಳ್ಳಬಹುದು.