ಕಲ್ಲು ಹೇಳುವುದೊಂದು, ಅಳತೆ ಹೇಳುವುದೊಂದು

ಜಮೀನಿನ ಹಳೆಯ ಪತ್ರದಲ್ಲಿ ಒಂದು ಮಗ್ಗುಲಿನ ಉದ್ದ 660 ಅಡಿ ಎಂದಿದೆ. ಜಾಗದಲ್ಲಿ ಅಳೆದು ನೋಡಿದರೆ ಎರಡು ಗಡಿಕಲ್ಲುಗಳ ನಡುವೆ 664 ಅಡಿ ಬರುತ್ತದೆ. ಕಲ್ಲು ಕಿತ್ತು ನೆಟ್ಟ ಗುರುತಿಲ್ಲ, ಸುತ್ತಲ ಮಣ್ಣು ಗಟ್ಟಿಯಾಗಿದೆ. ಹಾಗಾದರೆ ಎಲ್ಲೆ ಎಲ್ಲಿ? ಸರ್ವೆ ಕಲಿಯಲು ಬಂದ ಹೊಸಬರಿಗೆ ಥಟ್ಟನೆ ತೋಚುವ ಉತ್ತರ: ಕಲ್ಲನ್ನು ನಾಲ್ಕಡಿ ಒಳಕ್ಕೆ ಸರಿಸಬೇಕು. ಕೈಯಲ್ಲಿನ ಯಂತ್ರ ಹೊಸದಾದಷ್ಟೂ ಈ ಉತ್ತರಕ್ಕೆ ಧೈರ್ಯ ಜಾಸ್ತಿ. ಇಂಗ್ಲಿಷ್ ಕಾನೂನಿನ ಜಾಡಿನಲ್ಲಿ ನಡೆಯುವ ದೇಶಗಳ ಕೋರ್ಟುಗಳು ಮಾತ್ರ ಸಾಮಾನ್ಯವಾಗಿ ಕಲ್ಲಿನ ಕಡೆಗೇ ವಾಲುತ್ತವೆ. ಯಾಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಳತೆ ಹಳೆಯದೇ. ನೈಲ್ ನದಿಯ ನೆರೆ ಇಳಿದ ಮೇಲೆ ಈಜಿಪ್ಟಿನವರು ಗಂಟು ಹಾಕಿದ ಹಗ್ಗ ಹಿಡಿದು ಹೊಲ ಅಳೆಯುತ್ತಿದ್ದರು. ಥೀಬ್ಸ್‌ನ ಮೆನ್ನಾ ಎಂಬ ಅಧಿಕಾರಿಯ ಗೋರಿಯ ಗೋಡೆಯಲ್ಲಿ ಆ ಚಿತ್ರ ಈಗಲೂ ಇದೆ. ಆದರೆ ಹಗ್ಗ ನೆನೆದರೆ ಒಂದಳತೆ, ಒಣಗಿದರೆ ಇನ್ನೊಂದು. ಹಾಗಾಗಿ ಹಿಂದಿನವರು ಅಂಕಿಗಿಂತ ಗುರುತನ್ನೇ ಹೆಚ್ಚು ನೆಚ್ಚಿದರು. ರೋಮಿನಲ್ಲಿ ಎಲ್ಲೆಗೆಂದೇ ಟರ್ಮಿನಸ್ ಎಂಬ ದೇವರಿದ್ದ. ಫೆಬ್ರವರಿ 23ರಂದು ಗಡಿಕಲ್ಲಿನ ಎರಡೂ ಬದಿಯ ಹೊಲದವರು ಸೇರಿ ಅವನಿಗೆ ಪೂಜೆ ಸಲ್ಲಿಸುತ್ತಿದ್ದರು. ಕಲ್ಲು ನೆಡುವ ಮುನ್ನ ಗುಂಡಿಗೆ ಇದ್ದಿಲು, ಬೂದಿ, ಮಡಕೆ ಚೂರು ಹಾಕುವ ರೂಢಿ ಅಲ್ಲಿತ್ತು. ಮನುಸ್ಮೃತಿಯ ಎಂಟನೆಯ ಅಧ್ಯಾಯ ಕೂಡ ಇದನ್ನೇ ಹೇಳುತ್ತದೆ: ಎಲ್ಲೆಯ ವಿಷಯದಲ್ಲಿ ಜನ ಸದಾ ಎಡವುತ್ತಾರೆ, ಆದ್ದರಿಂದ ಬೂದಿ, ಇಟ್ಟಿಗೆ, ಇದ್ದಿಲು, ಮೂಳೆಯಂಥ ಬೇಗ ಮಣ್ಣಾಗದ ವಸ್ತುಗಳನ್ನು ನೆಲದಡಿ ಹೂತಿಡಿ. ಲೆಕ್ಕಾಚಾರ ಸರಳ. ರಾತ್ರೋರಾತ್ರಿ ಕಲ್ಲು ಸರಿಸುವವನು ಕಲ್ಲನ್ನು ಹೊರಬಲ್ಲ. ಅದರ ಕೆಳಗೆ ಮಣ್ಣಿಗಂಟಿದ ಇದ್ದಿಲನ್ನು ಪೂರ್ತಿ ಹೆಕ್ಕಿಕೊಂಡು ಹೋಗಲಾರ. ಕಲ್ಲು ಕಾಣೆಯಾದ ಮೂಲೆಯಲ್ಲಿ ಇವತ್ತಿಗೂ ಮೊದಲು ಗುದ್ದಲಿ ಹಿಡಿಯಬೇಕು, ಯಂತ್ರ ಆಮೇಲೆ. ಮೇಲುಮಣ್ಣನ್ನು ತೆಳುವಾಗಿ ಹೆರೆಯುತ್ತ ಹೋದರೆ ಹಳೆಯ ಗುಂಡಿಯ ಮಣ್ಣು ಬೇರೆ ಬಣ್ಣದಲ್ಲಿ ಕಾಣಿಸುವುದುಂಟು.

ಗುರುತಿನ ಜೊತೆಗೆ ಹೆದರಿಕೆಯೂ ಬೇಕಿತ್ತು. ಬ್ಯಾಬಿಲೋನಿನ ಭೂದಾನದ ಕಲ್ಲುಗಳಲ್ಲಿ ಶಾಪ ಕೆತ್ತಿದ್ದಾರೆ. ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ, ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂಬ ಶ್ಲೋಕ ಯಾರಿಗೆ ಗೊತ್ತಿಲ್ಲ!

ಅಂಕಿಗೆ ಬೆಲೆ ಬಂದದ್ದು ಸರಪಳಿಯಿಂದ. 1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ 66 ಅಡಿಯ, 100 ಕೊಂಡಿಗಳ ಸರಪಳಿಯನ್ನು ಬಳಕೆಗೆ ತಂದ. ಹತ್ತು ಚದರ ಸರಪಳಿ ಅಂದರೆ ಸರಿಯಾಗಿ ಒಂದು ಎಕರೆ, ಭಾಗಾಕಾರದ ತಲೆನೋವೇ ಇಲ್ಲ. (ಇದರ ಅರ್ಧ 33 ಅಡಿ, 33ರಿಂದ 33 ಗುಣಿಸಿದರೆ 1,089 ಚದರ ಅಡಿ, ನಮ್ಮ ಗುಂಟೆ. ನಲವತ್ತು ಗುಂಟೆಗೆ ಎಕರೆ ಲೆಕ್ಕ ತಪ್ಪದೆ ಕೂಡುವುದು ಹೀಗೆ.) ಆದರೆ ಕಬ್ಬಿಣ ಸವೆಯುತ್ತದೆ. ಒಂದೊಂದು ಕೊಂಡಿ ಕೂಡುವ ಜಾಗದಲ್ಲಿ ಅಂಗುಲದ ಇಪ್ಪತ್ತನೇ ಒಂದು ಪಾಲು ಸವೆದರೂ ಇಡೀ ಸರಪಳಿ ಐದು ಅಂಗುಲ ಉದ್ದವಾಗುತ್ತದೆ. ಅಂಥ ಸರಪಳಿಯನ್ನು ಹತ್ತು ಸಲ ಹಾಸಿ ‘660 ಅಡಿ’ ಎಂದು ಬರೆದವನು ನಿಜವಾಗಿ ನಡೆದದ್ದು 664 ಅಡಿಗೂ ಚೂರು ಹೆಚ್ಚು. ಮೊದಲಿಗೆ ಹೇಳಿದ ಒಗಟು ಇಷ್ಟೇ. ಕಲ್ಲು ಸರಿದಿಲ್ಲ, ಸರಪಳಿ ಹಿಗ್ಗಿತ್ತು. ಕೊಂಡವನು ಕೊಂಡದ್ದು, ಮಾರಿದವನು ತೋರಿಸಿದ್ದು ಆ ಕಲ್ಲಿನವರೆಗಿನ ನೆಲ.

ದಿಕ್ಸೂಚಿಯ ಕತೆಯೂ ಇಂಥದ್ದೇ. ಕಾಂತದ ಉತ್ತರ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಹಳೆಯ ನಕ್ಷೆಯ ಕೋನವನ್ನು ಹಾಗೆಯೇ ಇಂದು ಹಾಕಿದಾಗ ಒಂದೇ ಡಿಗ್ರಿ ತಪ್ಪಿದರೂ 300 ಮೀಟರ್ ದೂರದಲ್ಲಿ ಗೆರೆ ಐದು ಮೀಟರಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ.

ಹಾಗಾಗಿ ಕೋರ್ಟುಗಳು ಸಾಕ್ಷ್ಯಕ್ಕೆ ಒಂದು ಸರದಿ ಹಾಕಿಕೊಂಡವು. ಹೊಳೆ, ಬಂಡೆಯಂಥ ನೈಸರ್ಗಿಕ ಗುರುತು ಮೊದಲು. ಆಮೇಲೆ ನೆಟ್ಟ ಕಲ್ಲು. ಅದರ ನಂತರ ಚಕ್ಕುಬಂದಿ, ಅಂದರೆ ಅಕ್ಕಪಕ್ಕದ ಜಮೀನು. ಬಳಿಕ ಕೋನ ಮತ್ತು ದೂರ. ವಿಸ್ತೀರ್ಣ ಎಲ್ಲಕ್ಕಿಂತ ಕೊನೆಗೆ. ಹೊಸಬರು ಎಡವುವುದು ಇಲ್ಲೇ. ಪತ್ರದಲ್ಲಿ ವಿಸ್ತೀರ್ಣ ದಪ್ಪಕ್ಷರದಲ್ಲಿರುತ್ತದೆ, ಅದನ್ನು ಸರಿದೂಗಿಸಲು ಎಲ್ಲೆಯನ್ನೇ ಎಳೆದಾಡುತ್ತಾರೆ.

ನಕ್ಷೆಯನ್ನು ಎಷ್ಟು ನಂಬಬೇಕು ಎಂಬುದು ಅದನ್ನು ಯಾಕೆ ಮಾಡಿದರು ಎಂಬುದರ ಮೇಲಿದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆ ಅಳೆದು ಹೊರಟದ್ದು ಭೂಮಿಯ ಆಕಾರಕ್ಕಾಗಿ, ದೇಶದ ನಕ್ಷೆಗಾಗಿ. ಯಾರ ಹೊಲದ ಬದುವಿಗೂ ಅಲ್ಲ. ನೆಪೋಲಿಯನ್ 1807ರಲ್ಲಿ ಫ್ರಾನ್ಸಿನ ತುಂಡುತುಂಡು ಜಮೀನನ್ನೂ ನಕ್ಷೆಗಿಳಿಸಲು ಹೊರಟದ್ದು ಕಂದಾಯಕ್ಕೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ತಂದ ನೋಂದಣಿ ಪದ್ಧತಿ ಒಡೆಯ ಯಾರು ಎಂಬುದಕ್ಕೆ ಸರ್ಕಾರದ ಖಾತರಿ ಕೊಟ್ಟಿತು. ಎಲ್ಲೆ ಇಂಚಿಂಚೂ ಇಲ್ಲೇ ಎಂಬ ಖಾತರಿ ಬೇರೆಯೇ ಮಾತು. ಇಂಗ್ಲೆಂಡಿನ ನೋಂದಣಿ ನಕ್ಷೆಯ ಕೆಂಪು ಗೆರೆ ಇಂದಿಗೂ ‘ಸುಮಾರಾಗಿ ಇಲ್ಲಿ’ ಎಂದಷ್ಟೇ ಹೇಳುತ್ತದೆ.

ಕಲ್ಲು ಎಷ್ಟು ಗಟ್ಟಿ ಎಂದು ನೋಡಬೇಕಾದರೆ ಅಮೆರಿಕದಲ್ಲಿ ನಾಲ್ಕು ರಾಜ್ಯಗಳು ಸೇರುವ ಮೂಲೆಗೆ ಹೋಗಬೇಕು. 1875ರಲ್ಲಿ ಗುರುತು ಮಾಡಿದ ಆ ಜಾಗ ಇರಬೇಕಾದ ಕಡೆಯಿಂದ ಸುಮಾರು 1,800 ಅಡಿ ಪೂರ್ವಕ್ಕಿದೆಯೆಂದು ಈಗಿನ ಉಪಕರಣಗಳು ತೋರಿಸಿವೆ. ಆದರೂ ಗಡಿ ಬದಲಾಗಿಲ್ಲ. ನೆಲದ ಮೇಲೆ ಗುರುತಿಸಿ, ಎರಡೂ ಕಡೆಯವರು ಬಹುಕಾಲ ಒಪ್ಪಿಕೊಂಡು ಬಂದ ಗೆರೆಯೇ ಗಡಿ ಎಂಬ ನಿಲುವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1925ರಲ್ಲಿ, ನ್ಯೂ ಮೆಕ್ಸಿಕೊ ಮತ್ತು ಕೊಲೊರಾಡೊ ನಡುವಿನ ವ್ಯಾಜ್ಯದಲ್ಲಿ, ಎತ್ತಿಹಿಡಿಯಿತು.

ಈಗ ಉಪಗ್ರಹ ನೋಡಿಕೊಂಡು ರೋವರ್ ಎಂಬ ಸರ್ವೆ ಯಂತ್ರ ಒಂದೆರಡು ಸೆಂಟಿಮೀಟರಿನಷ್ಟು ಕರಾರುವಾಕ್ಕಾಗಿ ಜಾಗ ಹೇಳುತ್ತದೆ. ಇನ್ನು ಕಲ್ಲೇಕೆ ಎನ್ನುವವರಿಗೆ ಆಸ್ಟ್ರೇಲಿಯಾದ ಉದಾಹರಣೆ ಸಾಕು. ಆ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಈಶಾನ್ಯಕ್ಕೆ ತೇಲುತ್ತಿದೆ. 1994ಕ್ಕೆ ನಿಗದಿ ಮಾಡಿದ್ದ ನಿರ್ದೇಶಾಂಕಗಳನ್ನು, ಅಂದರೆ ಜಾಗ ಗುರುತಿಸುವ ಅಂಕಿಗಳನ್ನು, 2020ಕ್ಕೆ ಹೊಂದಿಸುವಾಗ ದೇಶದ ಎಲ್ಲ ಅಂಕಿಗಳೂ ಸುಮಾರು 1.8 ಮೀಟರ್ ಸರಿದವು. ಯಾರ ಬೇಲಿಯೂ ಪಕ್ಕದವರ ಹೊಲಕ್ಕೆ ದಾಟಲಿಲ್ಲ.