ಪದ ಪರಿಚಯ: ಕಾರ್ಡ್-ಡ್ರಿವನ್ ವಾರ್‌ಗೇಮ್

ಕೈಯಲ್ಲಿರುವ ಕಾರ್ಡ್ ಇಳಿಸದೆ ನಕ್ಷೆಯ ಮೇಲೆ ಸೈನ್ಯ ಕದಲದಂಥ ಯುದ್ಧದ ಬೋರ್ಡ್ ಆಟವೇ ಕಾರ್ಡ್-ಡ್ರಿವನ್ ವಾರ್‌ಗೇಮ್. ಆಡುವವರು ಚಿಕ್ಕದಾಗಿ ಸಿಡಿಜಿ ಎನ್ನುತ್ತಾರೆ. ಹಳೆಯ ವಾರ್‌ಗೇಮ್‌ಗಳಲ್ಲಿ ನಮ್ಮ ಸರದಿ ಬಂದರೆ ನಮ್ಮ ಪಡೆಗಳನ್ನೆಲ್ಲ ಒಟ್ಟಿಗೇ ನಡೆಸಬಹುದಿತ್ತು. ಇಲ್ಲಿ ನೀವೊಂದು ಕಾರ್ಡ್ ಹಾಕಿದರೆ ಎದುರಾಳಿ ಇನ್ನೊಂದು ಹಾಕುತ್ತಾನೆ.

ಅಮೆರಿಕದ ಅಂತರ್ಯುದ್ಧವನ್ನು (1861–65) ಕುರಿತ ‘ಫಾರ್ ದ ಪೀಪಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಮಾರ್ಕ್ ಹರ್ಮನ್ ರೂಪಿಸಿದ ಈ ಆಟವನ್ನು 1998ರಲ್ಲಿ ಅವಲಾನ್ ಹಿಲ್ ಹೊರತಂದಿತು. ಇಬ್ಬರ ಆಟ; ಒಬ್ಬರು ಯೂನಿಯನ್ (ಲಿಂಕನ್ ಅವರ ಉತ್ತರದ ಪಕ್ಷ), ಇನ್ನೊಬ್ಬರು ಕಾನ್ಫೆಡರಸಿ (ಬೇರೆಯಾದ ದಕ್ಷಿಣದ ರಾಜ್ಯಗಳು). ಒಂದೊಂದು ಕಾರ್ಡಿನಲ್ಲೂ 1ರಿಂದ 3ರವರೆಗಿನ ಒಂದು ಅಂಕಿ, ಜೊತೆಗೊಂದು ಐತಿಹಾಸಿಕ ಘಟನೆ ಇರುತ್ತದೆ. ಸಾಮಾನ್ಯವಾಗಿ ಎರಡರಲ್ಲಿ ಒಂದನ್ನಷ್ಟೇ ಬಳಸಬಹುದು: ಅಂಕಿಯಿಂದ ಸೇನಾಪತಿಯನ್ನು ಹೊರಡಿಸಬಹುದು, ಇಲ್ಲವೇ ಘಟನೆಯನ್ನು ನಡೆಸಬಹುದು. ಹರ್ಮನ್ ಅವರದೇ ಹಿಂದಿನ ಆಟ ‘ವಿ ದ ಪೀಪಲ್’ನಲ್ಲಿ ಈ ಆಯ್ಕೆ ಇರಲಿಲ್ಲ: ಅಂಕಿಯ ಕಾರ್ಡ್‌ಗಳೇ ಬೇರೆ, ಘಟನೆಯ ಕಾರ್ಡ್‌ಗಳೇ ಬೇರೆ. ಕೈತುಂಬ ಘಟನೆಗಳೇ ಬಂದುಬಿಟ್ಟರೆ ಸೇನಾಪತಿಗಳು ಸುಮ್ಮನೆ ಕೂರಬೇಕಾಗುತ್ತಿತ್ತು. 1996ರ ‘ಹ್ಯಾನಿಬಲ್’ ಎಂಬ ಆಟ ಎರಡನ್ನೂ ಒಂದೇ ಕಾರ್ಡಿಗೆ ತಂದಿತು.

ಅಂಕಿಯ ನಿಜವಾದ ಬೆಲೆ ಗೊತ್ತಾಗುವುದು ಸೇನಾಪತಿಗಳ ಮುಂದಿಟ್ಟಾಗ. ಪ್ರತಿ ಸೇನಾಪತಿಗೂ ಒಂದು ಸ್ಟ್ರಾಟಜಿ ರೇಟಿಂಗ್ ಇದೆ. ಅದಕ್ಕೆ ಸಮನಾದ ಅಥವಾ ಹೆಚ್ಚಿನ ಅಂಕಿಯ ಕಾರ್ಡ್ ಬಿದ್ದರೆ ಮಾತ್ರ ಅವನು ಹೊರಡುತ್ತಾನೆ. ರೇಟಿಂಗ್ ಕಡಿಮೆಯಿದ್ದಷ್ಟೂ ಅವನು ಚುರುಕು ಎಂದರ್ಥ. ಕಾನ್ಫೆಡರಸಿಯ ರಾಬರ್ಟ್ ಲೀಗೆ 1; ಯೂನಿಯನ್ ಕಡೆಯ ಗ್ರಾಂಟ್‌ಗೆ 1, ಮೆಕ್‌ಕ್ಲೆಲನ್‌ಗೆ 3. ಕೈಯಲ್ಲಿ 3ರ ಕಾರ್ಡ್ ಎರಡೇ ಇದ್ದರೆ ಮೆಕ್‌ಕ್ಲೆಲನ್ ಹೆಚ್ಚೆಂದರೆ ಎರಡು ಸಲ ಹೊರಟಾನು. ಲೀಗೆ ಯಾವ ಕಾರ್ಡಾದರೂ ನಡೆಯುತ್ತದೆ. 1862ರಲ್ಲಿ ಮೆಕ್‌ಕ್ಲೆಲನ್ ಕೈಯಲ್ಲಿದ್ದ ಪೋಟೊಮ್ಯಾಕ್ ಸೈನ್ಯವನ್ನು (ಪೂರ್ವದಲ್ಲಿ ಯೂನಿಯನ್‌ನ ದೊಡ್ಡ ಸೈನ್ಯ) ಮುಂದಕ್ಕೆ ಕದಲಿಸಲು ಅಧ್ಯಕ್ಷ ಲಿಂಕನ್ ಪಟ್ಟ ಪಾಡನ್ನು ಪುಟಗಟ್ಟಲೆ ನಿಯಮ ಬರೆಯದೆ ಒಂದು ಅಂಕಿಯಲ್ಲಿ ಹಿಡಿದಿದ್ದಾರೆ. ಈ ಆಟದ ಜಾಣತನವೆಲ್ಲ ಇಲ್ಲಿದೆ.

ಹಾಗಾದರೆ ಗ್ರಾಂಟ್‌ನನ್ನೇ ಮೊದಲೇ ಮೇಲಕ್ಕೆ ತರಬಾರದೇಕೆ? ಸೇನಾಪತಿಗಳಿಗೆ ರಾಜಕೀಯ ಹಿರಿತನದ ಲೆಕ್ಕವೂ ಇದೆ. ಹಿರಿಯರನ್ನು ದಾಟಿ ಕಿರಿಯನಿಗೆ ಸೈನ್ಯ ಒಪ್ಪಿಸಿದರೆ ‘ಸ್ಟ್ರಾಟಜಿಕ್ ವಿಲ್’ ಇಳಿಯುತ್ತದೆ. ಇದು ಯುದ್ಧ ಮುಂದುವರಿಸುವ ಜನರ ಮನಸ್ಸಿನ ಅಳತೆ; ಗೆಲುವು ಸೋಲು ಬಹುಪಾಲು ಇದರ ಮೇಲೆಯೇ ನಿಂತಿರುವುದರಿಂದ ಇಲ್ಲಿ ದುಂದು ಮಾಡುವಂತಿಲ್ಲ. ನಿಜದಲ್ಲೂ ಗ್ರಾಂಟ್ ಎಲ್ಲ ಸೈನ್ಯಗಳ ಮುಖ್ಯಸ್ಥನಾಗುವ ಹೊತ್ತಿಗೆ 1864ರ ಮಾರ್ಚ್ ಬಂದಿತ್ತು.

ಹೊಸಬರು ಸಾಮಾನ್ಯವಾಗಿ ಎಡವುವುದು 3ರ ಕಾರ್ಡ್‌ಗಳಲ್ಲಿ. ಬಲವಾದ ಘಟನೆಗಳು ಹೆಚ್ಚಾಗಿ ಅವುಗಳಲ್ಲೇ ಇರುವುದರಿಂದ ಒಂದರ ಹಿಂದೊಂದರಂತೆ ಘಟನೆಗೇ ಖರ್ಚು ಮಾಡುತ್ತಾರೆ. ಸುತ್ತಿನ ಕೊನೆಗೆ ಉಳಿಯುವುದು 1ರ ಕಾರ್ಡ್‌ಗಳು. ಪೂರ್ವದ ದೊಡ್ಡ ಸೈನ್ಯ ವಾಷಿಂಗ್ಟನ್ ಬಿಟ್ಟು ಹೊರಟಿರುವುದೇ ಇಲ್ಲ. ಕೈಗೆ ಕಾರ್ಡ್ ಬಂದ ತಕ್ಷಣ 3ರವನ್ನು ಎಣಿಸಿ, ಅವು ಯಾವ ಸೇನಾಪತಿಗೆ ಎಂದು ತೀರ್ಮಾನಿಸಿದ ಮೇಲೆ ಘಟನೆಗಳನ್ನು ಓದುವುದು ಒಳ್ಳೆಯದು. 1ರ ಕಾರ್ಡ್‌ಗಳೂ ದಂಡವಲ್ಲ. ಪಶ್ಚಿಮದಲ್ಲಿ ಗ್ರಾಂಟ್ ಇದ್ದರೆ ಅಷ್ಟು ಸಾಕು.

ಶೀತಲ ಸಮರವನ್ನು ಕುರಿತ ಇಂಥದೇ ಕಾರ್ಡ್ ಆಟ ‘ಟ್ವೈಲೈಟ್ ಸ್ಟ್ರಗಲ್’ ಆಡಿ ಬಂದವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಎದುರಾಳಿಯ ಘಟನೆಯಿರುವ ಕಾರ್ಡನ್ನು ಅಂಕಿಗಾಗಿ ಹಾಕಿದರೂ ಆ ಘಟನೆ ನಡೆದೇ ತೀರುತ್ತದೆ. ‘ಫಾರ್ ದ ಪೀಪಲ್’ನಲ್ಲಿ ನಡೆಯುವುದಿಲ್ಲ, ಹೆದರದೆ ಹಾಕಬಹುದು.